ಒಮ್ಮೆ ಬಿಟ್ಟವರನ್ನು ಮತ್ತೆ ಬಿಡಿಸಿದ್ದು

“ತಾಳಿ ತಗದ ಕೊಟ್ಟೇನ್ರಿ. ದೈವದವರು ಚೀಟಿ ಬರದ ಕೊಟ್ಟಾರ. ಇನ್ನೇನ ಉಳೀತ್ರೀ ಆಯಿ?”

ಹುಡುಗಿ ಹೀಗೆ ಕೇಳಿದಾಗ ನನ್ನ ಬಾಯಲ್ಲಿ ಶೇಂಗಾ ಚಿಕ್ಕಿ ಇತ್ತು. ಉಳಿದಿರುವ ಹಲ್ಲುಗಳಿಗೆ ಅದನ್ನು ಅಗಿಯುವುದೇ ದೊಡ್ಡ ಉದ್ಯೋಗ. ಹಾಗಾಗಿ ಕೂಡಲೇ ಉತ್ತರ ಕೊಡಲಾಗಲಿಲ್ಲ. ಕೊಟ್ಟಿದ್ದರೆ ಬೈಗುಳವೇ ಬರುತ್ತಿತ್ತು. ಯಾಕೆಂದರೆ ಆ ವಾರ ಇದೇ ಪ್ರಶ್ನೆ ಕೇಳಿದವರಲ್ಲಿ ಅವಳು ಮೊದಲನೆಯವಳಲ್ಲ.

ಜಮಖಂಡಿಯ ಕೋರ್ಟಿನ ಆವರಣದಲ್ಲಿ ಉಚಿತ ಕಾನೂನು ನೆರವಿನ ಕೋಣೆ ಇದೆ. ನಾನು ಅಲ್ಲಿ ಸ್ವಯಂಸೇವಕಿ, ವಕೀಲಳಲ್ಲ. ಬಂದವರ ಮಾತು ಕೇಳಿ, ಹಿಂದುಮುಂದಾದ ಸಂಗತಿಗಳನ್ನು ಸಾಲಾಗಿ ಬರೆದು, ವಕೀಲರ ಕೈಗೆ ಕೊಡುವುದು ನನ್ನ ಕೆಲಸ. ಮೊದಲೆಲ್ಲ ಪೆನ್ನಿನಲ್ಲಿ ಬರೆಯುತ್ತಿದ್ದೆ. ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದ ಮೇಲೆ ಒಂದೇ ಬೆರಳಿನಲ್ಲಿ ಕುಟ್ಟತೊಡಗಿದೆ. ಆಯಿ ಮೆಸೇಜಿಗೆ ಉತ್ತರ ಕೊಡುತ್ತಾಳೆ ಎಂಬ ಸುದ್ದಿ ರಬಕವಿ–ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಹಬ್ಬಿತು. ಅಲ್ಲಿಂದ ನನ್ನ ನೆಮ್ಮದಿ ಹೋಯಿತು.

ಲಗ್ನ ರಜಿಸ್ಟರ್ ಮಾಡಿಸಿಲ್ಲ, ಹಂಗಾರ ಅದು ಲಗ್ನನ ಅಲ್ಲಲ್ರಿ ಎಂದು ಒಬ್ಬಳು. ಲಗ್ನವೇ ತಂಗಿ, ಲಗ್ನಪತ್ರಿಕೆ, ಫೋಟೋ, ಅಕ್ಷತೆ ಹಾಕಿದವರ ಸಾಕ್ಷಿ ಇದ್ದರೆ ಕೋರ್ಟು ನಂಬುತ್ತದೆ ಎಂದು ಬರೆದೆ. ಬಹಳ ವರ್ಷ ಬೇರೆ ಇದ್ದರೆ ಲಗ್ನ ತಾನಾಗಿ ಹರಿದುಹೋಗುತ್ತದಂತೆ ಎಂದು ಇನ್ನೊಬ್ಬಳು. ಹಳೆಯ ಸೀರೆಯಾದರೆ ಹರಿಯುತ್ತದೆ, ಲಗ್ನ ಹರಿಯುವುದಿಲ್ಲ ಎಂದೆ. ತವರಿಗೆ ಬಂದು ಕೂತರೆ ಗಂಡನಿಂದ ಖರ್ಚಿಗೆ ಕೇಳುವ ಹಕ್ಕು ಹೋಗುತ್ತದೆಯೇ ಎಂದು ಮತ್ತೊಬ್ಬಳು. ಬಂದದ್ದಕ್ಕೆ ಕಾರಣವಿದ್ದರೆ ಹೋಗುವುದಿಲ್ಲ. ಒಬ್ಬ ಮಹಾಶಯ ಹೆಂಡತಿಯ ಫೋನಿನಿಂದ ಹೆಂಗಸಿನಂತೆ ಕೇಳಿದ: “ನಮ್ಮ ಮನಿಯವರು ನನ್ನ ಬಿಡಬೇಕಂದ್ರ ಅವರಿಗೆ ಏನೇನ ತ್ರಾಸ ಆಗಬಹುದ್ರಿ?” ಗಂಡನ ತ್ರಾಸಿಗೆ ಇಷ್ಟು ಮರುಗುವ ಹೆಂಡತಿಯನ್ನು ಬಿಡುವುದು ಯಾಕೆ ಎಂದು ಬರೆದು ಕಳಿಸಿದೆ. ಮತ್ತೆ ಮೆಸೇಜು ಬರಲಿಲ್ಲ.

ಅಂತೂ ಚಿಕ್ಕಿ ನುಂಗಿ ಹುಡುಗಿಯನ್ನು ಕೂರಿಸಿದೆ. ಬನಹಟ್ಟಿಯಲ್ಲಿ ತವರುಮನೆ, ಪವರ್‌ಲೂಮಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸ. ಗಂಡನದು ಮುಧೋಳ. ಲಗ್ನವಾದ ಮೇಲೆ ಇಬ್ಬರೂ ಜಮಖಂಡಿಯಲ್ಲಿ ಬಾಡಿಗೆ ಮನೆ ಮಾಡಿದ್ದರು, ಅವನು ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದ. ಹೊಂದಿಕೆಯಾಗಲಿಲ್ಲ. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ, ಮಕ್ಕಳಿಲ್ಲ. ಇಬ್ಬರೂ ತಂತಮ್ಮ ತಾಯಿಯ ಮನೆಗೆ ಹೋದರು. ಕೆಲವು ವರ್ಷಗಳಾದ ಮೇಲೆ ಸಮಾಜದ ಹಿರಿಯರು, ನಮ್ಮ ಕಡೆ ದೈವದವರು ಅನ್ನುತ್ತೇವೆ, ಗುಡಿಯಲ್ಲಿ ಕೂಡಿದರು. ಬಾಂಡ್ ಪೇಪರಿನ ಮೇಲೆ ಸೋಡಚೀಟಿ ಬರೆಸಿದರು. ಇವರು ಅವರನ್ನು, ಅವರು ಇವರನ್ನು ಬಿಟ್ಟದ್ದಾಗಿದೆ ಎಂಬ ಒಕ್ಕಣೆ. ಎರಡೂ ಕಡೆಯವರ ಸಹಿ, ಕೆಳಗೆ ನೋಟರಿಯ ಸಿಕ್ಕಾ. ಸಿಕ್ಕಾ ಕೆಂಪಗೆ ದುಂಡಗೆ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ನೋಡಿದ ಯಾರಿಗಾದರೂ ಸರ್ಕಾರವೇ ಬಂದು ಕೂತು ಬಿಡಿಸಿದೆ ಅನ್ನಿಸಬೇಕು.

“ಇದರಾಗ ನೀವಿಬ್ರೂ ಬ್ಯಾರೆ ಇರ್ತೀವಿ ಅಂತ ಹೇಳಿದ್ದಕ್ಕ ಸಾಕ್ಷಿ ಐತಿ ಅಷ್ಟ,” ಎಂದೆ. “ಲಗ್ನ ಬಿಡಸೂದು ಕೋರ್ಟ ಬೇ. ನೀ ಇನ್ನೂ ಅವನ ಹೆಂಡತಿ.”

ಕೆಲವು ಸಮಾಜಗಳಲ್ಲಿ ಹೀಗೆ ಬಿಡುವ ರೂಢಿಯನ್ನು ಕಾನೂನು ಒಪ್ಪುತ್ತದೆ, ನಿಜ. ಆದರೆ ಆ ರೂಢಿ ಹಿಂದಿನಿಂದ ಇದೆ ಎಂದು ಸಾಕ್ಷಿ ಸಮೇತ ಕೋರ್ಟಿನಲ್ಲಿ ಸಿದ್ಧ ಮಾಡಿ ತೋರಿಸಬೇಕು. ಅದು ಸಿದ್ಧವಾಗುವ ಹೊತ್ತಿಗೆ ಹುಡುಗಿಯ ತಲೆ ನನ್ನ ತಲೆಯಷ್ಟೇ ಬೆಳ್ಳಗಾಗುತ್ತಿತ್ತು.

ಅವಳ ಮುಖ ಸಣ್ಣದಾಯಿತು. ತೇರದಾಳದ ಒಬ್ಬ ಬಸ್ ಕಂಡಕ್ಟರ್ ಅವಳನ್ನು ಲಗ್ನವಾಗಲು ಒಪ್ಪಿದ್ದ. ಹೆಂಡತಿ ತೀರಿಕೊಂಡವನು, ಸರ್ಕಾರಿ ಸಂಬಳದವನು. ಇನ್ನೊಬ್ಬನ ಹೆಂಡತಿಯನ್ನು ಲಗ್ನವಾದ ಎಂದು ಯಾರಾದರೂ ಅರ್ಜಿ ಹಾಕಿದರೆ ನೌಕರಿಗೇ ಕುತ್ತು. ಕೋರ್ಟಿನ ಕಾಗದ ತಂದ ಮೇಲೆಯೇ ಅಕ್ಷತೆ ಎಂದು ಅವನು ಹೇಳಿದ್ದ. ಮನುಷ್ಯ ಒಳ್ಳೆಯವನು. ಆದರೆ ಅವನ ತಾಯಿ ದೀಪಾವಳಿಯ ತನಕ ಮಾತ್ರ ಕಾಯುವವಳು. ಬೇರೆ ಕನ್ಯೆಯ ಫೋಟೋ ಆಗಲೇ ಮನೆಗೆ ಬಂದಿತ್ತು.

“ಅಂವ ಕೈ ಬಿಟ್ರ ನಾ ಮತ್ತ ಯಾರನ್ನೂ ನೋಡಂಗಿಲ್ರೀ ಆಯಿ,” ಎಂದಳು. ಉಗುರಿನಲ್ಲಿ ಸಿಕ್ಕಿದ್ದ ನೂಲಿನ ಎಳೆಯನ್ನು ಕೀಳುತ್ತ ಕೂತಳು.

ಇಬ್ಬರಿಗೂ ಬೇಡವಾದ ಲಗ್ನ. ಪರಸ್ಪರ ಒಪ್ಪಿಗೆಯ ಅರ್ಜಿ ಸಾಕು, ಇದಕ್ಕಿಂತ ಸುಲಭದ ಕೇಸು ಇಲ್ಲ ಎಂದುಕೊಂಡೆ. ವರ್ಷಕ್ಕಿಂತ ಹೆಚ್ಚು ಬೇರೆ ಇದ್ದಾರೆ, ಜಗಳವಿಲ್ಲ, ಕೊಡುವುದು ತೆಗೆದುಕೊಳ್ಳುವುದು ಏನೂ ಇಲ್ಲ. ನಾನು ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆ, ಕಡೆಗೆ ಇಬ್ಬರೂ ಕೂಡಿ ಎಲ್ಲಿ ಇದ್ದಿರಿ ಎಂಬುದು. ಯಾವ ಊರಿನ ಕೋರ್ಟು ಎಂಬುದು ಬಹಳ ಸಲ ಆ ಉತ್ತರದಿಂದಲೇ ತಿಳಿಯುತ್ತದೆ. ಇವರು ಕಡೆಗೆ ಇದ್ದದ್ದು ಜಮಖಂಡಿ. ಗಂಡನನ್ನು ಫೋನ್ ಮಾಡಿ ಕರೆಸಿದೆವು. ತನ್ನ ವಕೀಲರ ಜೊತೆ ಬಂದ, ಕೇಳಿದಲ್ಲಿ ಸಹಿ ಮಾಡಿದ, “ನಮಸ್ಕಾರ್ರಿ” ಎಂದು ಹೋದ. ನೋಡಲು ಪಾಪದವನು. ಪಾಪದ ಗಂಡಸರ ಕೇಸಿನಲ್ಲೇ ಹೆಚ್ಚು ತ್ರಾಸು ಎಂಬುದು ನನಗೆ ಆಗ ನೆನಪಾಗಬೇಕಿತ್ತು.

ಮೊದಲ ಎಡವಟ್ಟು ಅರ್ಜಿಯಲ್ಲೇ ಆಯಿತು. ಹುಡುಗಿ ಹೇಳಿದ್ದನ್ನು ಅವಳ ಮಾತಿನಲ್ಲೇ ನಾನು ಫೋನಿನಲ್ಲಿ ಟೈಪ್ ಮಾಡಿ ವಕೀಲರಿಗೆ ಕಳಿಸಿದ್ದೆ. ನಮ್ಮ ವಕೀಲರು ಹೊಸದಾಗಿ ಬಂದ ಚುರುಕು ಹೆಣ್ಣುಮಗಳು. ಅವರ ಟೈಪಿಸ್ಟ್ ಅದನ್ನೇ ಹಾಗೆಯೇ ಅರ್ಜಿಗೆ ಇಳಿಸಿದ್ದ. ನ್ಯಾಯಾಧೀಶರು ಓದುತ್ತ ಓದುತ್ತ ಕನ್ನಡಕ ತೆಗೆದರು.

“ಹಿರಿಯರ ಸಮಕ್ಷಮ ಈಗಾಗಲೇ ವಿಚ್ಛೇದನ ಆಗಿರುತ್ತದೆ ಅಂತ ನೀವೇ ಬರೆದಿದ್ದೀರಿ. ಆಗಿದ್ದನ್ನ ನಾನು ಮತ್ತೆ ಹೇಗೆ ಮಾಡಲಿ?”

ವಕೀಲರು ನನ್ನತ್ತ ನೋಡಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನಿನತ್ತ ನೋಡಿದೆ. ಅರ್ಜಿ ತಿದ್ದಬೇಕಾಯಿತು. ಸೋಡಚೀಟಿಯ ಮಾತು ತೆಗೆದು, ಇಂಥ ದಿನದಿಂದ ಬೇರೆ ಇದ್ದೇವೆ, ಕೂಡಿ ಬಾಳಲು ಆಗಿಲ್ಲ, ಬಿಡಲು ಇಬ್ಬರೂ ಸ್ವಂತ ಮನಸ್ಸಿನಿಂದ ಒಪ್ಪಿದ್ದೇವೆ ಎಂದು ಹೊಸದಾಗಿ ಬರೆದು, ಇಬ್ಬರ ಸಹಿಯನ್ನೂ ಮತ್ತೆ ಹಾಕಿಸಬೇಕಾಯಿತು. ಗಂಡ ಮತ್ತೆ ಬಂದ, “ನಮಸ್ಕಾರ್ರಿ” ಎಂದ, ಹೋದ.

ಆಮೇಲೆ ಕಾಯುವ ಅವಧಿ. ಒಪ್ಪಿಗೆಯ ಅರ್ಜಿ ಹಾಕಿದ ಮೇಲೂ ಆರು ತಿಂಗಳು ಬಿಟ್ಟು ಇಬ್ಬರೂ ಮತ್ತೆ ಬಂದು ನಮ್ಮ ಮನಸ್ಸು ಬದಲಾಗಿಲ್ಲ ಎಂದು ಹೇಳಬೇಕು. ಮೊದಲ ದಿನದ ಸಹಿ ಸಾಲುವುದಿಲ್ಲ. ಇದನ್ನು ಹೇಳಿದಾಗ ಜನ ನನ್ನ ಮೇಲೆಯೇ ಸಿಟ್ಟಾಗುತ್ತಾರೆ, ಕಾನೂನನ್ನು ನಾನೇ ಅಡುಗೆಮನೆಯಲ್ಲಿ ಕೂತು ಮಾಡಿದವಳಂತೆ. ದೀರ್ಘ ಕಾಲ ಬೇರೆ ಇದ್ದವರಿಗೆ ಕೋರ್ಟು ಈ ಕಾಯುವಿಕೆಯನ್ನು ಮನ್ನಾ ಮಾಡಬಹುದು, ಆದರೆ ಅದಕ್ಕೂ ಇಬ್ಬರೂ ಕೂಡಿ ಕೇಳಬೇಕು. ಮೂರನೆಯ ಸಲ ಸಹಿಗೆ ಕರೆದರೆ ಗಂಡನ ಫೋನ್ ಹತ್ತಲಿಲ್ಲ. ಕಾದೆವು.

ಕಾಯುವಾಗ ಹುಡುಗಿಯ ಜೊತೆ ಬನಹಟ್ಟಿ ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದೆ. ಒಮ್ಮೆ ಆ ಬಸ್ಸಿಗೆ ಅದೇ ತೇರದಾಳದ ಕಂಡಕ್ಟರ್. ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ ಹರಿದು ನನ್ನ ಕೈಗಿಟ್ಟ. ಅವಳಿಗೆ ಕೊಡುವಾಗ ಮುಖ ನೋಡದೆ ಕಿಟಕಿಯ ಹೊರಗೆ ನೋಡಿದ. ಅವಳೂ ಆಧಾರ್ ಕಾರ್ಡನ್ನು ಅವನಿಗೆ ತೋರಿಸದೆ ಕಂಬಕ್ಕೆ ತೋರಿಸಿದಳು. ಬೇಕೆಂದೇ ನಾನು ದೊಡ್ಡ ದನಿಯಲ್ಲಿ, “ಏ ತಮ್ಮಾ, ಈಕಿ ಕಾರ್ಡ ಸರಿಯಾಗಿ ನೋಡಪಾ, ಫೋಟೋದಾಗ ಬ್ಯಾರೆನ ಕಾಣ್ತಾಳ,” ಎಂದೆ. ಅವನ ಕಿವಿ ಕೆಂಪಾಯಿತು. ಹುಡುಗಿ ನನ್ನ ತೊಡೆ ಚಿವುಟಿದಳು. ಆ ಇಡೀ ವರ್ಷದಲ್ಲಿ ಈ ಕೇಸಿನಿಂದ ನನಗೆ ಸಿಕ್ಕ ಸುಖ ಅದೊಂದೇ.

ಎರಡನೆಯ ಹೇಳಿಕೆಯ ತಾರೀಖು ಬಂತು. ಗಂಡ ಬರಲಿಲ್ಲ. ಕೋರ್ಟು ಇನ್ನೊಂದು ತಾರೀಖು ಕೊಟ್ಟಿತು. ಅಂದೂ ಬರಲಿಲ್ಲ. ಪಟ್ಟೇವಾಲಾ ಇಬ್ಬರ ಹೆಸರನ್ನೂ ಕೂಗುತ್ತಾನೆ, ಹುಡುಗಿ ಒಬ್ಬಳೇ ಎದ್ದು ನಿಲ್ಲುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ಮತ್ತೆ ಕೂರುತ್ತಾಳೆ. ಒಂದು ದಿನದ ಕೂಲಿ ಬಿಟ್ಟು ಬಂದದ್ದು ಇಷ್ಟಕ್ಕೆ.

ನಾನು ಅವನ ತಾಯಿಗೆ ಫೋನ್ ಹಚ್ಚಿದೆ.

“ಅಕ್ಕಾರ, ನಿಮ್ಮ ಮಗನ್ನ ಒಂದ ದಿನ ಕಳಸ್ರಿ. ಹೌದು ಅಂತ ಒಂದ ಮಾತ ಹೇಳಿ ಬಂದ್ರ ಮುಗೀತು.”

“ಯಾಕ ಕಳಸೂಣ್ರಿ? ನಾವು ಬಿಟ್ಟ ಎಷ್ಟ ದಿನಾ ಆತು! ಬಿಟ್ಟಾಕಿನ್ನ ಮತ್ತ ಬಿಡಾಕ ಕೋರ್ಟಿಗೆ ಹೋಗ್ತಾರೇನ್ರಿ ಯಾರರ?”

“ಕೋರ್ಟ ಬಿಡಸೋತನಕ ಬಿಟ್ಟಂಗ ಅಲ್ರಿ.”

“ಚೀಟಿಗೆ ಕಿಮ್ಮತ್ತಿಲ್ಲೇನು? ದೈವದವರೇನ ಹುಚ್ಚರೇನು? ನಮ್ಮ ಊರಾಗ ಎಷ್ಟ ಮಂದಿ ಚೀಟಿ ಮ್ಯಾಲೆ ಬಿಟ್ಟಾರ, ಅವರೆಲ್ಲಾ ಬಾಳೇವು ಮಾಡಾಕತ್ತಿಲ್ಲೇನು?” ಅವಳ ದನಿ ಇದ್ದಕ್ಕಿದ್ದಂತೆ ಏರಿತು. “ಚೀಟಿ ಅಂದ್ರ ಚೀಟಿ! ಇನ್ನೊಮ್ಮೆ ಫೋನ್ ಹಚ್ಚಬ್ಯಾಡ್ರಿ.”

ಚೀಟಿಯ ಬಗ್ಗೆ ಅವಳಿಗೆ ಯಾಕೆ ಅಷ್ಟು ಸಿಟ್ಟು ಎಂದು ನಾನು ವಿಚಾರ ಮಾಡಲಿಲ್ಲ. ನನಗೆ ನನ್ನ ಸಿಟ್ಟೇ ಸಾಕಷ್ಟಿತ್ತು. ಆಮೇಲೆ ವಿಚಾರಿಸಿದಾಗ ತಿಳಿಯಿತು, ಲೋಕಾಪುರದ ಕಡೆಯ ಹುಡುಗಿಯ ಜೊತೆ ಮಗನ ಲಗ್ನ ನಿಶ್ಚಯವಾಗಿದೆ. ಹೊಸ ಬೀಗರಿಗೆ, ಮೊದಲನೆಯದು ಎಂದೋ ಮುಗಿದಿದೆ ಎಂದು ಹೇಳಿದ್ದಾರೆ. ಆ ಬೀಗರ ಹೊಲದ ಕೇಸೊಂದು ಇದೇ ಜಮಖಂಡಿ ಕೋರ್ಟಿನಲ್ಲಿದೆ. ಮಗ ಕಟ್ಟೆಯ ಮೇಲೆ ಕೂತದ್ದನ್ನು ಅವರು ಕಂಡರೆ ಏನು ಗತಿ? ಹೀಗಾಗಿ ಲಗ್ನ ಬಿಟ್ಟಾಗಿದೆ ಎಂದು ತೋರಿಸುವ ಸಲುವಾಗಿ ಅವನು ಲಗ್ನ ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ. ಇಂಥ ಲೆಕ್ಕ ಮುಧೋಳದಲ್ಲೇ ಹುಟ್ಟಬೇಕು.

ವಕೀಲರು ದಾರಿ ಹೇಳಿದರು. “ಒಪ್ಪಿಗೆಯ ಅರ್ಜಿ ಬಿಟ್ಟು ತಕರಾರಿನ ಅರ್ಜಿ ಹಾಕೋಣ ಅಜ್ಜಿ. ಕ್ರೌರ್ಯ ಅಂತ ಕಾರಣ ಕೊಟ್ಟರೆ ನಡೆಯುತ್ತದೆ. ಆದರೆ ಸಾಕ್ಷಿ, ಪಾಟೀಸವಾಲು ಅಂತ ವರ್ಷಗಟ್ಟಲೆ ಹೋಗಬಹುದು.”

ಹುಡುಗಿ ತಲೆ ಎತ್ತಿದಳು. “ಕ್ರೌರ್ಯ ಅಂದ್ರ?”

“ಹೊಡೆದ, ಹಿಂಸೆ ಕೊಟ್ಟ ಅಂತ.”

“ಅಂವ ಹೊಡದಿಲ್ರಿ.”

“ಬಯ್ದಿರಬೇಕಲ್ಲ?”

“ಅಂವ ಮಾತ ಆಡತಿದ್ದಿಲ್ರಿ. ಅದಽ ನನಗ ತ್ರಾಸ ಇತ್ತು. ಹೊಡದಾನ ಅಂತ ನಾ ಹೆಂಗ ಬರಸ್ಲಿ? ನಾಳೆ ಅವನ ಮುಖಾ ನೋಡಿ ಕಟಕಟ್ಯಾಗ ಹೆಂಗ ಹೇಳಲಿ?”

ನಾನು ಸಿಟ್ಟಿನಿಂದ, “ಹಂಗಾರ ಕಂಡಕ್ಟರಗ ಬ್ಯಾರೆ ಹೆಣ್ಣ ನೋಡ್ಕೋ ಅಂತ ಹೇಳ,” ಎಂದೆ. ಅವಳು ಅಳಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದಳು. ನಾನು ಅಲ್ಲೇ ಕೂತೆ. ಸುಳ್ಳು ಬರೆದರೆ ವರ್ಷಗಳು ಹೋಗುತ್ತವೆ, ಖರೆ ಬರೆದರೆ ಗಂಡ ಬರುವುದಿಲ್ಲ, ಸುಮ್ಮನಿದ್ದರೆ ದೀಪಾವಳಿ ಬರುತ್ತದೆ. ಕುಟ್ಟಿ ಕುಟ್ಟಿ ಬೆರಳು ನೋಯುತ್ತಿತ್ತು. ಅರವತ್ತು ದಾಟಿದ ಮೇಲೆ ಮೊಮ್ಮಕ್ಕಳಿಗೆ ಚಕ್ಕುಲಿ ಕರಿಯುವುದು ಬಿಟ್ಟು ಈ ಉಸಾಬರಿ ನನಗೆ ಯಾಕೆ ಬೇಕಿತ್ತು ಎಂದು ಅಂದು ಮನಸ್ಸಿನಲ್ಲಿ ಬಂದದ್ದು ಸುಳ್ಳಲ್ಲ.

ಆಗಲೇ ಹೊಳೆಯಿತು. ಆ ತಾಯಿಗೆ ನಾವು ಕಾನೂನು ಹೇಳುತ್ತಿದ್ದೆವು. ಕಾನೂನು ಕಣ್ಣಿಗೆ ಕಾಣುವುದಿಲ್ಲ. ಸೊಸೆ ಕಾಣುತ್ತಾಳೆ.

ಮರುದಿನ ಹುಡುಗಿಯ ಮನೆಗೆ ಹೋದೆ. “ಟ್ರಂಕ್ ಐತೇನ ಬೇ?” ಎಂದೆ. ಲಗ್ನದಲ್ಲಿ ಕೊಟ್ಟ ಟ್ರಂಕು ಮಂಚದ ಕೆಳಗಿತ್ತು. “ಹಾಸಿಗಿ ಸುತ್ತು. ಮುಧೋಳಕ್ಕ ಬಾಳೇವು ಮಾಡಾಕ ಹೋಗೂಣು.”

ಅವಳು ನನಗೆ ಬುದ್ಧಿಭ್ರಮಣೆಯಾಯಿತೆಂದು ತಿಳಿದು ನೀರು ತಂದು ಕೊಟ್ಟಳು. ಉಪಾಯ ವಿವರಿಸಿ ಹೇಳಿದೆ. ಒಲ್ಲೆ ಅಂದರೆ ಇಲ್ಲಿಗೇ ಬಿಡುವವಳಿದ್ದೆ, ಹೊಸ್ತಿಲ ಮುಂದೆ ನಿಲ್ಲುವವಳು ಅವಳು, ನಾನಲ್ಲ. ಕಡೆಗೆ ನಕ್ಕಳು. ಆಮೇಲೆ ನಗು ನಿಂತಿತು.

“ಬಾ ಒಳಗ ಅಂದ್ರ?”

ಇದನ್ನು ನಾನು ವಿಚಾರ ಮಾಡಿರಲಿಲ್ಲ. “ಅನ್ನೂದಿಲ್ಲ,” ಎಂದೆ, ಧೈರ್ಯವಾಗಿ.

ಟ್ರಂಕಿಗೆ ಸೀರೆ ಯಾಕೆ ತುಂಬಬೇಕು? ಮಗ್ಗದ ಖಾಲಿ ಕಂಡಿಕೆಗಳನ್ನು ತುಂಬಿದೆವು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಗಡಗಡ ಸಪ್ಪಳ. ವಕೀಲರಿಗೆ ಹೇಳಲಿಲ್ಲ, ಹೇಳಿದ್ದರೆ ಬೇಡ ಅನ್ನುತ್ತಿದ್ದರು, ಅವರು ಅನ್ನುವುದೂ ಸರಿಯೇ.

ಮುಧೋಳದ ಆ ಓಣಿಯಲ್ಲಿ ಆಟೋದಿಂದ ಟ್ರಂಕು ಇಳಿಸುವಷ್ಟರಲ್ಲೇ ಎದುರಿನ ಮನೆಗಳ ಬಾಗಿಲು ತೆರೆದವು. ತಾಯಿ ಹೊರಗೆ ಬಂದಳು.

“ನಿಮ್ಮ ಸೊಸಿ ಬಂದಾಳ್ರೀ ಅಕ್ಕಾರ,” ಎಂದೆ. “ಟ್ರಂಕ ಎಲ್ಲಿ ಇಡೂಣ್ರಿ?”

“ಯಾವ ಸೊಸಿ? ಅಕಿಗೂ ನಮಗೂ ಏನೂ ಸಮಂಧ ಇಲ್ಲ! ಚೀಟಿ ಐತಿ!”

“ಐತಲ್ರಿ? ಛಲೋ ಆತು. ನಿಮ್ಮ ವಕೀಲರಿಗೆ ಫೋನ್ ಹಚ್ರಿ. ಈ ಚೀಟಿ ಮ್ಯಾಲೆ ಲಗ್ನ ಹರದೈತಿ ಅಂತ ಅವರು ಒಂದ ಮಾತ ಹೇಳ್ಲಿ. ನಾವು ಟ್ರಂಕ ಹೊತ್ಗೊಂಡ ಹೊಳ್ಳಿ ಹೋಗ್ತೀವಿ. ಇಲ್ಲಂದ್ರ ಇದು ಅಕಿ ಮನಿ.”

ಅಷ್ಟರಲ್ಲಿ ಒಳಗಿನಿಂದ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದಳು. ಆ ಮನೆಯ ಹಿರಿಯ ಮಗಳು. ಮನೆಗೆ ಬಂದವರಿಗೆ ಕೊಡುವಂತೆ ಮೊದಲು ಹುಡುಗಿಗೆ, ಆಮೇಲೆ ನನಗೆ ಕೊಟ್ಟಳು.

“ಅಕಿಗ್ಯಾಕ ನೀರ ಕೊಡ್ತಿ ಬೇ?” ತಾಯಿ ಕಿರುಚಿದಳು.

“ಬಿಸಲಾಗ ಬಂದಾರಲ್ಲಬೇ ಯವ್ವಾ,” ಎಂದಳು ಮಗಳು. ಹೋಗಿ ಬಾಗಿಲ ಹಿಂದೆ ನಿಂತಳು.

ಗಂಡ ಹೊರಗೆ ಬಂದ. ನಮಸ್ಕಾರ ಅನ್ನಲು ಬಾಯಿ ತೆರೆದು, ಟ್ರಂಕು ನೋಡಿ ಮುಚ್ಚಿದ. ತಾಯಿಯೇ ಅವನ ಕೈಯಲ್ಲಿ ಫೋನಿಟ್ಟು, “ಹಚ್ಚ ನಿನ್ನ ವಕೀಲಗ! ಓಣಿಗೆಲ್ಲಾ ಕೇಳುಹಂಗ ಹಚ್ಚ!” ಎಂದಳು. ಸ್ಪೀಕರಿನಲ್ಲಿ ಅವನ ವಕೀಲರ ಸಿಡಿಮಿಡಿಯ ದನಿ ಕೇಳಿತು.

“ಎಷ್ಟ ಸಲ ಹೇಳ್ಬೇಕೋ ತಮ್ಮಾ ನಿನಗ? ಆ ಚೀಟಿ ಉಪಯೋಗಿಲ್ಲ. ಡಿಕ್ರಿ ಆಗೂತನಕ ಅಕಿ ನಿನ್ನ ಹೇಂತಿನ. ಎರಡ ತಾರೀಖ ತಪ್ಪಿಸಿದಿ. ಹಿಂಗಽ ಇನ್ನೊಂದ ಲಗ್ನ ಆದ್ರ ಆ ಲಗ್ನ ಲಗ್ನ ಅಲ್ಲ, ಮ್ಯಾಲೆ ನಿನ್ನ ಮ್ಯಾಲೆ ಕೇಸ್ ಆಗ್ತೈತಿ.”

ತಾಯಿ ಏನಾದರೂ ಬಯ್ಯುತ್ತಾಳೆಂದು ಕಾದೆ. ಅವಳು ನನ್ನನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಹಿಂದಕ್ಕೆ ತಿರುಗಿ ಬಾಗಿಲ ಹಿಂದೆ ನಿಂತ ಮಗಳನ್ನು ನೋಡಿದಳು. ನೋಡುತ್ತಲೇ ಹೊಸ್ತಿಲ ಮೇಲೆ ಕೂತಳು.

ಹುಡುಗಿ ಗಂಡನ ಮುಂದೆ ಬಂದು ನಿಂತಳು. “ನಾ ಇರಾಕ ಬಂದಿಲ್ರಿ. ಟ್ರಂಕಿನ್ಯಾಗ ಬರೇ ಕಂಡಿಕಿ ಅದಾವು. ನಿಮ್ಮ ಲಗ್ನ ಐತಂತ ಕೇಳೇನಿ, ಛಲೋ ಆಗ್ಲಿ. ಆದ್ರ ಆ ಹುಡುಗಿ ನಿಮ್ಮನ್ಯಾಗ ಬಂದು ಏನಾಗಿ ಇರಬೇಕು? ಇಲ್ಲಿ ನೀವು ಸುಮ್ಮನಿದ್ರ ಅಲ್ಲಿ ನಾನೂ ಇನ್ನೊಬ್ಬರ ಹೇಂತಿ ಆಗಾಕ ಬರೂದಿಲ್ಲ. ಒಂದ ದಿನ ಬಂದು ಒಂದ ಮಾತ ಆಡ್ರಿ. ಲಗ್ನಾಗಿ ನಾ ನಿಮಗ ಕೇಳಿದ್ದು ಅಷ್ಟಽ ಇತ್ತು.”

ಅವನು ತಲೆ ತಗ್ಗಿಸಿ, “ಬರ್ತೇನಿ,” ಎಂದ. ಕೊನೆಗೂ ಒಂದು ಹೊಸ ಮಾತು ಅವನ ಬಾಯಿಂದ ಬಂತು.

ಮುಂದಿನ ತಾರೀಖು ದೀಪಾವಳಿಗಿಂತ ಮೊದಲೇ ಇತ್ತು, ಅವನು ಬಂದ. ತಾಯಿಯೂ ಬಂದಳು, ಹಿರಿಯ ಮಗಳೂ ಬಂದಳು. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕೇಳಿದರು, ಯಾರ ಒತ್ತಾಯವಾದರೂ ಇದೆಯೇ, ಮತ್ತೆ ಕೂಡಿ ಬಾಳುವ ಮನಸ್ಸಿದೆಯೇ. ಇಬ್ಬರೂ ಇಲ್ಲ ಎಂದರು. ಹೇಳಿಕೆ ಟೈಪಾಯಿತು, ಸಹಿಯಾಯಿತು. ನಾವು ಇಷ್ಟು ದಿನ ತಿಣುಕಿದ್ದು ಚಹಾ ಆರುವ ಮೊದಲೇ ಮುಗಿದುಹೋಯಿತು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಹೊರಗೆ ಹುಡುಗಿ, “ಇನ್ನ ಆತಲ್ರೀ?” ಎಂದಳು.

“ದೃಢೀಕೃತ ನಕಲು ತೆಗೆದುಕೊಳ್ಳಬೇಕು,” ಎಂದರು ವಕೀಲರು. “ಅಪೀಲಿನ ಅವಧಿ ದಾಟಿದ ಮೇಲೆ ಲಗ್ನ ಇಟ್ಟುಕೊಂಡರೆ ಒಳ್ಳೆಯದು.”

“ಮತ್ತ ಕಾಯೂದೇನ್ರೀ!” ಎಂದು ಅವಳು ಹಣೆ ಹಣೆ ಬಡಿದುಕೊಂಡಳು. ಆದರೆ ಫೋನ್ ತೆಗೆದುಕೊಂಡು ಗೇಟಿನ ಕಡೆ ಹೋಗುವಾಗ ಅವಳ ನಡಿಗೆಯೇ ಬೇರೆ ಇತ್ತು. ಫೋನಿನಲ್ಲಿ ಅವಳು ಹೇಳಿದ ಮೊದಲ ಮಾತು, “ನಿಮ್ಮವ್ವಗ ಆ ಫೋಟೋ ಹೊಳ್ಳಿ ಕೊಡಾಕ ಹೇಳ್ರಿ,” ಎಂಬುದು.

ನಾನು ಕೋಣೆಗೆ ಬಂದು ಚಿಕ್ಕಿಯ ಪೊಟ್ಟಣ ಬಿಚ್ಚಿದೆ. ಬಾಗಿಲಲ್ಲಿ ಆ ತಾಯಿ ನಿಂತಿದ್ದಳು. ಹಿಂದೆ ಮಗಳು.

“ಅಕ್ಕಾರ,” ಎಂದಳು, ಈ ಸಲ ಬಹಳ ಸಣ್ಣ ದನಿಯಲ್ಲಿ. “ಈಕಿದೂ ಚೀಟಿನ್ರಿ. ದೈವದವರು ಬರದ ಕೊಟ್ಟಿದ್ರು. ಈಕಿ ಗಂಡ ಮತ್ತೊಂದ ಮಾಡ್ಕೊಂಡಾನ, ಮಕ್ಕಳೂ ಅದಾವು. ಚೀಟಿ ಆಗೇತಲ್ಲ ಅಂತ ನಾವು ಒಂದ ಮಾತ ಕೇಳ್ಳಿಲ್ಲ. ಖರ್ಚಿಗೂ ಕೇಳ್ಳಿಲ್ಲ. ಹಂಗಾರ ನನ್ನ ಮಗಳು ಇನ್ನೂ...”

ಚೀಟಿ ಅಂದ್ರ ಚೀಟಿ ಎಂದು ಅವಳು ಫೋನಿನಲ್ಲಿ ಕಿರುಚಿದ್ದು ಯಾರ ಸಲುವಾಗಿ ಎಂದು ನನಗೆ ಆಗ ತಿಳಿಯಿತು. ಮಗನ ಚೀಟಿ ಸುಳ್ಳಾದರೆ ಮಗಳ ಚೀಟಿಯೂ ಸುಳ್ಳಾಗುತ್ತಿತ್ತು.

ಕೂರಿಸಿದೆ. ಸಂಜೆ ಬೇಗ ಮನೆಗೆ ಹೋಗುವ ಆಸೆ ಬಿಟ್ಟು ಫೋನ್ ಹಿಡಿದು ಬೆರಳು ಚಾಚಿದೆ.

“ಕಡೀಕ ಇಬ್ಬರೂ ಕೂಡಿ ಎಲ್ಲಿ ಇದ್ರಿ?”

ತಾಯಿ ಬಾಯಿ ತೆರೆದಳು. ಅದಕ್ಕೂ ಮೊದಲು ಮಗಳೇ ಹೇಳಿದಳು.

“ಬೀಳಗ್ಯಾಗ್ರಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು, “ನಂದೂ ಒಂದ ಟ್ರಂಕ್ ಐತ್ರೀ ಆಯಿ.”